ತಾಟೆಂದು ತಿಳಿದ ರೊಟ್ಟಿ

ಹಿಮಾಯತ್‌ನಗರ, ಹೈದರಾಬಾದ್
೯ ನವೆಂಬರ್ ೨೦೨೫

ಚಿ. ನೇತ್ರಾ,

ಬ್ಯಾಟರಿ ಮುಗಿದಿರಲಿಲ್ಲ. ನಿನ್ನೆ ನೀನು "ಅಪ್ಪಾ, ಅವ್ವ ಕಡೀಕ್ ಬಡದ ರೊಟ್ಟಿ ಗಂಟು ಹಂಗ ಐತಿಲ್ಲೋ? ನಾ ಬರೂತನಕ ಮುಟ್ಟಬ್ಯಾಡ" ಎಂದಾಗ ಬ್ಯಾಟರಿ ಮುಗೀತು ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಕ್ಷಮಿಸು. ಆ ಗಂಟಿನ ವಿಷಯ ಹೇಳುತ್ತೇನೆ. ಮೊದಲು ನಮ್ಮ ರಿಲೀಫ್ ವರ್ಕಿನ ಸಮಾಚಾರ ಕೇಳು, ತಡೆದುಕೊಳ್ಳಲು ಆಗುತ್ತಿಲ್ಲ.

ಕರಾವಳಿಗೆ ತುಫಾನು ಬಡಿದು ಮೀನುಗಾರರ ಹಳ್ಳಿಗಳಲ್ಲಿ ಒಲೆ ಹೊತ್ತಿಲ್ಲವೆಂದು ಟಿವಿಯಲ್ಲಿ ಬಂತು. ಕೆಳಗಿನ ಮನೆಯ ಸುಮಂಗಲಾ ಮೆಟ್ಟಿಲು ಹತ್ತಿ ಬಂದಳು. "ಕಾಕಾ, ಒಲಿ ಇಲ್ಲದವರು ಅಕ್ಕಿ ತಗೊಂಡು ಏನ್ ಮಾಡ್ತಾರ? ಒಣಗಿಸಿದ ಜೋಳದ ಖಡಕ್ ರೊಟ್ಟಿ ಕಳಸೂಣು, ತಿಂಗಳಗಟ್ಲೆ ಕೆಡೂದಿಲ್ಲ. ನೀವು ಕಾಲೇಜ್ ಕಲತವರು, ಅಲ್ಲಿ ಸಾಹೇಬರಿಗೆ ಪತ್ರ ಬರೀರಿ."

ಬರೆದೆ: 'ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸೆಂಡ್ ಟೂ ಥೌಸಂಡ್ ರೊಟ್ಟಿ.' ಮುಂದೆ ಯುವರ್ಸ್ ಒಬಿಡಿಯಂಟ್‌ಲಿಯೋ ಫೇತ್‌ಫುಲ್ಲಿಯೋ ನೆನಪಾಗದೆ ಎರಡನ್ನೂ ಹಾಕಿದೆ.

ಹನ್ನೆರಡು ಮನೆ, ನಾಲ್ಕು ದಿನ, ಇಡೀ ಬಿಲ್ಡಿಂಗಿನಲ್ಲಿ ರೊಟ್ಟಿ ಬಡಿಯುವ ಸದ್ದು. ಮಾಳಿಗೆಯ ಮೇಲೆ ಒಣಹಾಕಿದ ರೊಟ್ಟಿಯಿಂದ ಕಾಗೆ ಓಡಿಸುವ ಡಿಪಾರ್ಟ್‌ಮೆಂಟು ನನ್ನದು. ಶ್ರಾವಣದಲ್ಲಿ ನಿನ್ನವ್ವ ತೀರಿಹೋದಮೇಲೆ ನನಗೆ ನಿಜವಾಗಿ ಹಸಿವಾದದ್ದು ಆ ದಿನಗಳಲ್ಲಿ.

ಲಾರಿ ಹೊರಡುವಾಗ ಇಪ್ಪತ್ತೈದು ರೊಟ್ಟಿ ಕಡಿಮೆ ಬಿದ್ದವು. "ಇರಲಿ ಬಿಡ್ರಿ" ಎಂದರು ಎಲ್ಲರೂ. ನಾನು ಹುಮ್ಮಸ್ಸಿನಲ್ಲಿ ಮೇಲೆ ಓಡಿ ಅವ್ವನ ಆ ಇಪ್ಪತ್ತೈದು ರೊಟ್ಟಿಯ ಗಂಟು ತಂದು ಕೊಟ್ಟೆ.

ನಿನ್ನೆ ಡ್ರೈವರ್ ರಾಮಕೃಷ್ಣ ವಾಪಸು ಬಂದ. ರಾಯಚೂರಿನವನು. "ಸರ್, ಅಲ್ಲಿ ಮಂದಿ ಅವನ್ನ ತಾಟು ಅಂತ ತಿಳಕೊಂಡ್ರು. ಗಂಜಿಕೇಂದ್ರದ ಅನ್ನ ಸಾರು ಅದರ ಮ್ಯಾಲೆ ಹಾಕಿಸಿಕೊಂಡು ಉಂಡು, ತೊಳಿಯಾಕ ಹೊಂಟಿದ್ರು. ಒಬ್ಬ ಮುದುಕಿ ಸಾರಿನ್ಯಾಗ ನೆಂದ ಅಂಚು ಕಡದು ನೋಡಿ ನಗಾಕ ಹತ್ತಿದಳು ನೋಡ್ರಿ, ಎಲ್ಲಾರೂ ತಾಟು ತಿಂದು ಮುಗಿಸಿದ್ರು."

ನನ್ನ ಪತ್ರದಲ್ಲಿ ರೆಸ್ಪೆಕ್ಟು ಎರಡು ಸಲ ಇತ್ತು, ತಿನ್ನುವ ವಸ್ತು ಎಂಬುದು ಒಂದು ಸಲವೂ ಇರಲಿಲ್ಲ. ಸುಮಂಗಲಾ ಇನ್ನೂ ನಗುತ್ತಿದ್ದಾಳೆ. ಈಗ ಚಟ್ನಿಪುಡಿಯ ಜೊತೆ ಎರಡನೇ ಲಾರಿಗೆ ತಯಾರಿ ನಡೆದಿದೆ.

ಸಿಟ್ಟಾಗಬೇಡ. ನೀನೂ ಮಕ್ಕಳೂ ಹೊಟ್ಟೆತುಂಬ ಉಂಡು ಸುಖವಾಗಿರಿ.

ನಿನ್ನ ಅಪ್ಪ,
ಅಮರಯ್ಯ

ತಾ.ಕ.: ಹುಮ್ಮಸ್ಸಿನಲ್ಲಿ ಕೊಟ್ಟೆ ಎಂದದ್ದು ಪೂರ್ತಿ ನಿಜವಲ್ಲ. ಆ ಗಂಟಿನ ರೊಟ್ಟಿ ಬಡಿದ ದಿನ, ಇಪ್ಪತ್ತು ಆದಮೇಲೆ ನಿನ್ನವ್ವ "ಎಡಗೈ ಜೋಮು ಹಿಡದೈತ್ರಿ, ಸಾಕು ಮಾಡ್ತೀನಿ" ಎಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. "ಹಿಟ್ಟು ನಾದಿಟ್ಟೀಯಲ್ಲ, ಮುಗಿಸಿಬಿಡು" ಎಂದೆ. ಮುಗಿಸಿದಳು. ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ, ನಿನಗೆ ಫೋನ್ ಮಾಡಿದೆ. ಈ ಮಾತು ಯಾರಿಗೂ ಹೇಳಿಲ್ಲ. ಕೊನೆಯ ಐದು ರೊಟ್ಟಿಗಳ ಅಂಚು ಒಂದು ಕಡೆ ದಪ್ಪ. ನನಗೆ ತಿನ್ನಲಾಗಲಿಲ್ಲ. ನೀನು ಬಂದು ಅದನ್ನು ನೋಡಿ "ಯಾಕ ಹಿಂಗಾತು" ಎಂದು ಕೇಳಿದರೆ ಏನು ಹೇಳುವುದು ಎಂದು ಕೊಟ್ಟುಬಿಟ್ಟೆ. ಆದರೂ ಅಂಥದೊಂದನ್ನು ತೆಗೆದಿಟ್ಟಿದ್ದೇನೆ. ಲಾರಿಯಲ್ಲಿ ಒಂದು ಕಡಿಮೆ ಹೋಗಿದೆ, ಸುಮಂಗಲಾಳಿಗೆ ಹೇಳಬೇಡ. ನೀನು ಬಾ, ಅದನ್ನು ನೋಡಿ ಕೇಳು. ಕಿಟಕಿಯ ಬೆಳಕು ಹೋಗುತ್ತಿದೆ, ಬರೆದದ್ದು ನನಗೇ ಕಾಣುತ್ತಿಲ್ಲ.