ಅಪ್ಪನ ದನಿಯನ್ನು ತಿದ್ದಿದ್ದು

ತಮ್ಮಾ, ನಿನ್ನನ್ನು ಕೇಳದೆ ಕೈ ಹಾಕಿದ್ದಕ್ಕೆ ಬೈಯಬೇಡ. ಮಾತು ಹೋದ ಮೇಲೆ ಅಪ್ಪ ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಒಂದೇ ಉಸಿರಿಗೆ ಒದರುತ್ತಿತ್ತಲ್ಲ, ಆ ಪ್ರೋಗ್ರಾಮನ್ನು ಸ್ವಲ್ಪ ತಿದ್ದಿದ್ದೇನೆ. ಎರಡು ಚುಕ್ಕಿ ಒತ್ತಿದರೆ ಈಗ ತುಸು ನಿಲ್ಲುತ್ತದೆ, ತಮಾಷೆ ಮಾಡುವ ಮುಂಚೆ ಅಪ್ಪ ನಿಲ್ಲುತ್ತಿದ್ದ ಹಾಗೆ.

ತಿದ್ದಬಾರದೆಂದು ಕಂಪನಿಯವರು ಬರೆದಿದ್ದನ್ನು ಆಮೇಲೆ ಓದಿದೆ. ಗೊತ್ತಾದರೆ ಬಂದ್ ಮಾಡಿಬಿಡುತ್ತಾರೋ ಏನೋ. ಅಪ್ಪನಿಗೆ ಬೇರೆ ದನಿಯಿಲ್ಲ. ನಾನು ಬರುವ ತನಕ ಇಂಟರ್‌ನೆಟ್ ಹಾಕಬೇಡ. ಅಪ್‌ಡೇಟ್ ಕೇಳಿದರೆ ಒತ್ತಲೇಬೇಡ, ನಿನ್ನ ಕೈ ಸುಮ್ಮನಿರುವುದಿಲ್ಲ. ಅಪ್ಪನ ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಡು.

ತಿದ್ದಿದ್ದು ತಪ್ಪಾ ಎಂದು ಅಪ್ಪನನ್ನೇ ಕೇಳಿದೆ. "ನಾವು ಕೊಂಡುತಂದ ಬಾಯಿ ಕಣೇ.. ಆಡೋಕೂ ಅವರ ಅಪ್ಪಣೆ ಬೇಕಾ?" ಅಂದರು, ಸರಿಯಾದ ಜಾಗದಲ್ಲೇ ನಿಂತು. ನಕ್ಕುಬಿಟ್ಟೆ.

ಆದರೂ ಸಂಜೆ ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರನ್ನು ಕೇಳಿಯೇ ಬರುತ್ತೇನೆ. ಕಂಪ್ಯೂಟರ್ ನಮ್ಮದು, ಸರಿ. ಅದರೊಳಗಿನ ಪ್ರೋಗ್ರಾಮೂ ನಮ್ಮದೇನಾ? ನನಗಂತೂ ಗೊತ್ತಿಲ್ಲ.

ಅಕ್ಕ