ಕಂಪ್ಯೂಟರಿಗೆ ನೀವು ಬಳಿದ ವಿಭೂತಿ

ನನ್ನ ಜಗಳಗಂಟಿ ಅತ್ತೆಗೆ, ಸೊಸೆ ಗಿರಿಜಾಳ ಶರಣು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಶಿವನ ಪಾದ ಸೇರಿದ ಮೇಲೂ ಅಲ್ಲಿನ ಸಾರಿಗೆ ಉಪ್ಪು ಸಾಲದು ಎನ್ನುತ್ತ ಆರಾಮಾಗಿಯೇ ಇರುತ್ತೀರಿ, ನನಗೆ ಗೊತ್ತು. ನಿಮಗೆ ಹೇಳಬೇಕಾದ ಸುದ್ದಿ ಎರಡಿವೆ. ಮೊದಲನೆಯದನ್ನು ನೀವಿದ್ದಾಗ ಹೇಳಿದ್ದರೆ ನನ್ನನ್ನು ಸೀದಾ ನರಸೀಪುರದ ಬಸ್ಸು ಹತ್ತಿಸಿ ತವರಿಗೆ ಕಳಿಸುತ್ತಿದ್ದಿರಿ. ಈಗ ಹೇಳಿದರೆ ಏನು ಮಾಡುತ್ತೀರಿ?

ನಂಜನಗೂಡಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟ ವರ್ಷ ನೆನಪಿದೆಯಾ? ನಿಮ್ಮ ದೊಡ್ಡ ಮಗ, ನಮ್ಮ ಭಾವನಿಗೆ, ಆ ಕೋಣೆ ಭತ್ತದ ಮೂಟೆ ಇಡಲು ಬೇಕಿತ್ತು. "ದೀಪಾವಳಿ ಗಂಟ ನೋಡವ್ವ. ನಡೀನಿಲ್ಲ ಅಂದ್ರೆ ಆ ಡಬ್ಬ ಮಾರ್ಬುಟ್ಟು ಕೋಣೆ ಖಾಲಿ ಮಾಡ್ಸು" ಎಂದಿದ್ದರು. ನೀವು "ಆಗ್ಲಿ" ಎಂದುಬಿಟ್ಟಿರಿ. ಎಷ್ಟು ಸಿಟ್ಟು ಬಂದಿತ್ತು ನನಗೆ! ಟೈಪಿಂಗು, ಕಂಪ್ಯೂಟರು ಎರಡನ್ನೂ ನರಸೀಪುರದಲ್ಲಿ ಕಲಿತು ಬಂದದ್ದು ಮೂಟೆಗಳಿಗೆ ಜಾಗ ಬಿಡಲಿಕ್ಕಾ?

ಅಷ್ಟರಲ್ಲಿ ಹೆಮ್ಮರಗಾಲದ ಮಹದೇವಪ್ಪನವರು ಮಗಳ ಮದುವೆ ಕಾರ್ಡಿಗೆ ಬಂದರು. ಅಂಗಡಿಯ ಮೊದಲ ದೊಡ್ಡ ಕೆಲಸ. ಕಾರ್ಡಿನಲ್ಲಿ ಶಿವಪಾರ್ವತಿಯರ ಚಿತ್ರ ಇರಲೇಬೇಕು, ಸೋಮವಾರ ಬೆಳಿಗ್ಗೆ ಮೊದಲ ಕಾರ್ಡನ್ನು ನಂಜುಂಡೇಶ್ವರನ ಮುಂದೆ ಇಡಲೇಬೇಕು. ನನ್ನ ಕಂಪ್ಯೂಟರೋ, ಚಿತ್ರ ಹಾಕಿದ ತಕ್ಷಣ ಕಲ್ಲಾಗಿ ಕೂರುತ್ತಿತ್ತು. ಮೆಮೊರಿ ಸಾಲದು. ಶನಿವಾರ ನಮ್ಮ ಮನೆಯವರು ಮೈಸೂರಿಗೆ ಹೋಗಿ ಹೊಸ ರ‍್ಯಾಮ್ ತಂದರು. ಗೇಣಿಗಿಂತ ಚಿಕ್ಕ ಹಸಿರು ಪಟ್ಟಿ, ಒಂದು ಅಂಚಿಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು.

ಭಾನುವಾರ ಬೆಳಿಗ್ಗೆ ಮಹದೇವಪ್ಪನವರು ಕುರ್ಚಿಯಲ್ಲಿ ಕೂತಿದ್ದಂತೆಯೇ ನಾನು ಡಬ್ಬದ ಮುಚ್ಚಳ ಬಿಚ್ಚಿ, ಹಳೆಯ ಪಟ್ಟಿಯ ಪಕ್ಕದಲ್ಲಿ ಹೊಸದನ್ನು ಕೂರಿಸಿ, ಸ್ವಿಚ್ಚು ಒತ್ತಿದೆ. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪು. ಒಳಗಿನಿಂದ ಬೀಪ್... ಬೀಪ್... "ಯಾಕವ್ವ ಅದು ಅಳ್ತದೆ?" ಎಂದಿರಿ. ಹೊಸದನ್ನು ಕಿತ್ತರೆ ಏಳುತ್ತಿತ್ತು, ಹಾಕಿದರೆ ಅಳುತ್ತಿತ್ತು. ಒತ್ತಿ ಕೂರಿಸಿದೆ, ಜಾಗ ಬದಲಿಸಿದೆ. ಊಹೂಂ. "ಅಂಗಡಿಯವನು ನಿಮ್ಮ ಮುಖ ನೋಡಿಯೇ ಕೆಟ್ಟ ಮಾಲು ಕಟ್ಟಿದ್ದಾನೆ" ಎಂದು ನಿಮ್ಮ ಮಗನನ್ನು ತರಾಟೆಗೆ ತೆಗೆದುಕೊಂಡೆ. ಭಾವ ಬಾಗಿಲಲ್ಲಿ ನಿಂತು ಕೋಣೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

ಮಹದೇವಪ್ಪನವರು ಟವಲು ಕೊಡವಿ ಎದ್ದರು. "ನಾನು ಮೈಸೂರ್ಗೇ ಓಯ್ತೀನಿ ಬುಡಿ, ಅಲ್ಲೇ ಮಾಡಿಸ್ಕತ್ತೀನಿ" ಎಂದರು. ಅವರು ಹೋದರೆ ಅಂಗಡಿಯೂ ಹೋದಂತೆಯೇ. ಆಗ ನೀವು ಅಡ್ಡ ನಿಂತಿರಿ ನೋಡಿ! "ಯೆಮ್ಮರಗಾಲ ಅಂದ್ರಲ್ಲ, ನಿಮ್ಮ ದೊಡ್ಡತ್ತಿಗೆ ತವ್ರು ಯೆಡತಲೆ ಅಲ್ವರಾ? ನಂದೂ ಯೆಡತಲೆಯೇ ಕನಪ್ಪ! ಅಂಗಾದ್ರೆ ನೀನು ನಂಗೆ ತಮ್ಮ ಆಗ್ಬೇಕು." ಒಂದೇ ಉಸಿರಿನಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ತಮ್ಮನಾದ ಮೇಲೆ ಅಕ್ಕನ ಮನೆಯಲ್ಲಿ ಮುದ್ದೆ, ಉಪ್ಸಾರು ಉಣ್ಣದೆ ಹೋಗುವುದುಂಟೇ? ಕೈ ಹಿಡಿದೇ ಒಳಗೆ ಕರೆದುಕೊಂಡು ಹೋದಿರಿ.

ನಾನು ಪಟ್ಟಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಚಿನ್ನದ ಹಲ್ಲುಗಳ ಮೇಲೆ ಬೆಳ್ಳಗೆ ಏನೋ ಕಟ್ಟಿತ್ತು. ಸುಣ್ಣವೇ? ಮೂಸಿ ನೋಡಿದೆ. ವಿಭೂತಿ! ನಾನು ಸ್ನಾನಕ್ಕೆ ಹೋದಾಗ ಅದನ್ನು ದೇವರ ಕೋಣೆಗೆ ಒಯ್ದವರು ನೀವಲ್ಲದೆ ಇನ್ಯಾರು? ಪೊರಕೆಯೊಂದನ್ನು ಬಿಟ್ಟು ಮನೆಗೆ ಏನೇ ಹೊಸದು ಬಂದರೂ ನಿಮ್ಮ ಮೂರು ಬೆರಳು ಅದರ ಮೇಲೆ ಆಡಲೇಬೇಕಲ್ಲ. ಅಷ್ಟು ಜಾಗವಿದ್ದರೂ ಹುಡುಕಿ ಹುಡುಕಿ ಹಲ್ಲಿಗೇ ಬಳಿದಿದ್ದೀರಿ, ಪುಣ್ಯಾತ್ಗಿತ್ತಿ! ಹಸಿಯಾಗಿದ್ದಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಒಣಗಿದ ಮೇಲೆ ಎದ್ದು ಕಾಣುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

"ಅತ್ತೇ!" ಎಂದು ಮನೆ ಹಾರುವಂತೆ ಕೂಗಲು ಬಾಯಿ ತೆರೆದಿದ್ದೆ. ಆಗ ಅಡುಗೆಮನೆಯಿಂದ ನಿಮ್ಮ ದನಿ ಕೇಳಿಸಿತು. ಭಾವನಿಗೆ ಹೇಳುತ್ತಿದ್ದಿರಿ: "ಮೂಟೆ ಇಡಕ್ಕೆ ನಾನು ಮನಿಕೊಳೋ ಕೋಣೆ ತಕ್ಕೊ. ಅವ್ಳ ಅಂಗ್ಡಿ ತಂಟೆಗೆ ಓಗ್ಬ್ಯಾಡ. ನಮ್ಮ ಗಿರಿಜ ಮಾಡ್ತಾಳೆ ಕಣ್ಲಾ." ನನ್ನ ಬೆನ್ನ ಹಿಂದೆ ನೀವು ಹೀಗೆಲ್ಲ ಮಾತಾಡುತ್ತೀರೆಂದು ನನಗೇನು ಗೊತ್ತಿತ್ತು? ಬಾಯಿ ತಾನಾಗಿ ಮುಚ್ಚಿತು. ಮೇಜಿನ ಖಾನೆಯಿಂದ ಪೆನ್ಸಿಲ್ ಅಳಿಸುವ ರಬ್ಬರು ತೆಗೆದು ಹಲ್ಲುಗಳನ್ನು ಉಜ್ಜಿದೆ, ಪಟ್ಟಿ ಕೂರಿಸುವ ಸಂದನ್ನೂ ಬ್ರಷ್ಷಿನಿಂದ ಗುಡಿಸಿದೆ.

ಈ ಸಲ ಸ್ವಿಚ್ಚು ಒತ್ತಿದಾಗ ಅಳಲಿಲ್ಲ. ಪರದೆಯ ಮೇಲೆ ಮೆಮೊರಿಯ ಲೆಕ್ಕ ಚಕಚಕನೆ ಏರಿತು. ಶಿವಪಾರ್ವತಿಯರು ಬಂದು ಕಾರ್ಡಿನ ನೆತ್ತಿಯ ಮೇಲೆ ಕೂತರು. ನಾನು ಕುಣಿಯುವುದೊಂದು ಬಾಕಿ. ಮಹದೇವಪ್ಪನವರು ಕಾರ್ಡನ್ನು ಕಣ್ಣಿಗೊತ್ತಿಕೊಂಡರು. ನೀವು ಮಾತ್ರ ಬೀದಿಗೆಲ್ಲ ಕೇಳುವಂತೆ, "ಬೆಳಿಗ್ಗೆನೇ ನಾನು ಇಬೂತಿ ಇಕ್ಕಿದ್ದೆ ಕನವ್ವ, ಅದ್ಕೇ ಓಡ್ತು!" ಎಂದಿರಿ. "ಹೂಂ ಅತ್ತೆ, ಅದಕ್ಕೇ" ಎಂದೆ ನಾನು. ನೀವು ಹೋಗುವವರೆಗೂ ಬಂದವರಿಗೆಲ್ಲ ಅದನ್ನೇ ಹೇಳಿದಿರಿ, ನಾನೂ ತಲೆಯಾಡಿಸಿದೆ. ಅದಾದ ಮೇಲೆ ಯಾವ ಬಿಡಿಭಾಗ ಬಂದರೂ ಪೂಜೆಗೆ ಬರೀ ರಟ್ಟಿನ ಡಬ್ಬಿಯನ್ನೇ ಕೊಡುತ್ತಿದ್ದೆ. ಇದೇ ಮೊದಲ ಸುದ್ದಿ. ಬೈಯುವುದಿದ್ದರೆ ಕನಸಿನಲ್ಲಿ ಬಂದು ಬೈಯಿರಿ.

ಎರಡನೆಯದು ಹೋದ ತಿಂಗಳದ್ದು. ಭಾವನ ಮಗಳು ಶಿಲ್ಪಾಗೆ ಗಂಡು ಗೊತ್ತಾಗಿದೆ ಅತ್ತೆ! ದೇವನೂರಿನ ಹುಡುಗ, ಮೇಷ್ಟ್ರು. ಕಾರ್ಡು ಮಾಡಿಸಲು ಭಾವ ಬಂದಾಗ, "ಮೈಸೂರಿನಲ್ಲಿ ಇನ್ನೂ ಚೆನ್ನಾಗಿ ಮಾಡ್ತಾರಂತೆ ಭಾವ" ಎಂದು ಬೇಕೆಂದೇ ಕೆಣಕಿದೆ. "ನಮ್ದೇ ಅಂಗ್ಡಿ ಇಟ್ಕಂಡು ಅಲ್ಗ್ಯಾಕವ್ವ ಓಗ್ಲಿ?" ಎಂದರು. ನಮ್ಮದೇ ಅಂಗಡಿಯಂತೆ! ಕೇಳಿಸಿತಾ?

ಕರೆಯುವವರ ಹೆಸರು ಕೂರಿಸುವಾಗ ಮೊದಲು ನಿಮ್ಮದೇ ಬರಬೇಕು. ತೀರಿಕೊಂಡವರ ಹೆಸರಿಗೆ ಮುಂಚೆ 'ಲಿಂಗೈಕ್ಯ' ಎಂದು ಹಾಕುವುದು ಪದ್ಧತಿ. ಎಷ್ಟು ಮನೆಯವರ ಕಾರ್ಡಿನಲ್ಲಿ ಹಾಕಿಲ್ಲ ನಾನು? ನಿಮ್ಮ ಹೆಸರಿಗೆ ಬಂದಾಗ ಕೈ ಏಳಲಿಲ್ಲ, ಅಳು ಬಂತು. ಬರೀ 'ಶ್ರೀಮತಿ ಪುಟ್ಟಮ್ಮಣ್ಣಿ' ಎಂದಷ್ಟೇ ಹಾಕಿ ಭಾವನ ಕೈಗೆ ಕೊಟ್ಟೆ. ಆ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಅಂಗೇ ಇರ್ಲಿ, ಪ್ರಿಂಟ್ ಆಕವ್ವ" ಎಂದರು.

ಕಾರ್ಡು ಊರಿಗೆಲ್ಲ ಹಂಚಿಯಾಯಿತು. ಈ ಮದುವೆಗೆ ಎಲ್ಲರನ್ನೂ ಕರೆದಿರುವವರು ನೀವು, ಅತ್ತೆ. ಕರೆದವರೇ ಬರದಿದ್ದರೆ ಹೇಗೆ?

ನಿಮ್ಮ ಸೊಸೆ,
ಗಿರಿಜಾ