ಏಳು ಗಂಟೆ ಹನ್ನೆರಡು ನಿಮಿಷ

ಕಾಮಾಕ್ಷಿಪಾಳ್ಯ
30 ನವೆಂಬರ್ 2025, ಭಾನುವಾರ

ಪ್ರೀತಿಯ ಅಮರೇಶಣ್ಣನಿಗೆ,

ಮೊದಲು ನನ್ನ ಅಕ್ಷರಕ್ಕೆ ಬೈಯಬೇಡ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಗಾರ್ಮೆಂಟ್ಸಿನ ರಿಜಿಸ್ಟರಿನಲ್ಲಿ ನನ್ನ ಸಹಿ ಮಾತ್ರ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ಅಲ್ಲಿ ನೀನೇ ಸರಿಮಾಡಿಕೊಂಡು ಓದು. ಗೆರೆ ಹಾಕಿದ ಹಾಳೆ ತಂದರೂ ಸಾಲು ಬಲಕ್ಕೆ ಹೋಗುತ್ತಾ ಇಳಿಯುತ್ತಿದೆ. ನೀನು ಶಿರಾಗೆ ಹೋಗಿ ನಾಲ್ಕು ತಿಂಗಳಾದರೂ ಒಂದು ಪತ್ರ ಬರೆಯಲಿಲ್ಲ. ಅದಕ್ಕೂ ಕ್ಷಮಿಸು.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು "ಹೂಂ, ಹೇಳೇ" ಅಂದ ತಕ್ಷಣ "ಊಟ ಆಯ್ತಾ" ಅಂತ ಕೇಳಿ ಅಮ್ಮನ ಕೈಗೆ ಕೊಟ್ಟುಬಿಡುತ್ತೇನೆ. ಕಾಗದ ನನ್ನ ಮುಖ ನೋಡುವುದಿಲ್ಲ.

ಅಮ್ಮ ಚೆನ್ನಾಗಿದ್ದಾರೆ. ಮಂಡಿ ನೋವು ಇದ್ದದ್ದೇ. ನೀನು ಅಲ್ಲಿ ವೇ ಬ್ರಿಡ್ಜಿನಲ್ಲಿ ಕುರ್ಚಿ ಮೇಲೆ ಕೂತು ಲಾರಿ ತೂಕ ಮಾಡುವ ಕೆಲಸ ಮಾಡುತ್ತೀಯ ಎಂದು ವಠಾರಕ್ಕೆಲ್ಲ ಹೇಳಿಕೊಂಡು ಬಂದಿದ್ದಾರೆ. "ನಮ್ಮ ಅಮರೇಶ ಈಗ ಆಫೀಸ್ ಕೆಲ್ಸ" ಅನ್ನುತ್ತಾರೆ. ನಿನ್ನ ಹಳೆಯ ವರ್ಕ್‌ಶಾಪಿನ ಓನರ್ ದುಂಡೇಶಣ್ಣ ಮೊನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕಿ, "ನಿಮ್ಮಣ್ಣನ ಲೇತ್ ಮೇಲೆ ಬೇರೆ ಇಬ್ರನ್ನ ನಿಲ್ಲಿಸಿ ನೋಡ್ದೆ ಕಣಮ್ಮ. ಅವನ ಕೈ ಬರಲ್ಲ" ಅಂದರು. ನಿನ್ನ ಕಾಲಿನ ರಾಡ್ ಯಾವಾಗ ತೆಗೆಯುತ್ತಾರೆ ಎಂದೂ ಕೇಳಿದರು. ಗೊತ್ತಿಲ್ಲ ಅಂದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ನೀನು ಅಮ್ಮನಿಗೆ ಫೋನ್ ಮಾಡಿ, ಸಂಕ್ರಾಂತಿಗೆ ಬಂದಾಗ ಗಾಡಿ ಹೊರಗೆ ತೆಗೆಯುತ್ತೀನಿ, ಜನವರಿ ಕೊನೆಯಲ್ಲಿ ಬೈಕ್ ಕ್ಲಬ್ಬಿನವರ ಜೊತೆ ಮತ್ತೆ ಇಪ್ಪತ್ನಾಲ್ಕು ಗಂಟೆ ಓಡಿಸುತ್ತೀನಿ ಅಂದೆಯಂತೆ. ಅಮ್ಮ ಬೈದಾಗ ನೀನು ಹೇಳಿದ ಮಾತನ್ನು ಅವರು ಹಾಗೇ ನನಗೆ ಹೇಳಿದರು: "ಒಂದ್ಸಲ ಮಾಡಿದೀನಲ್ಲಮ್ಮ. ನಲವತ್ತು ನಿಮಿಷ ಮಲಗೆದ್ದೂ ಎಂಟು ನಿಮಿಷ ಮುಂಚೆ ಮುಟ್ಟಿದವನು ನಾನು. ಆಮೇಲೆ ಯಾಕಾಗ್ಲಿಲ್ಲ ಅಂತ ನೋಡ್ಲೇಬೇಕು."

ನೀನು ಮಾಡಿರಲಿಲ್ಲ ಅಣ್ಣ.

ಇದನ್ನು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನು ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಒಂದರ ಹಿಂದೆ ಒಂದು ಬರೆದರೆ ಮಾತ್ರ ನನಗೆ ಮುಂದಿನದು ಬರುತ್ತದೆ.

ಹೋದ ವರ್ಷ ಫೆಬ್ರುವರಿಯಲ್ಲಿ, ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ನಾಯಂಡಹಳ್ಳಿಯ ಬಂಕಿನಿಂದ ನೀನು ಹೊರಟೆ. ಪುಣೆಗೆ ಸ್ವಲ್ಪ ಈಚೆ ತಿರುಗಿಕೊಂಡು ಅದೇ ಬಂಕಿಗೆ ವಾಪಸ್ ಬರಬೇಕು. ಸಾವಿರದ ಆರುನೂರು ಕಿಲೋಮೀಟರ್, ಇಪ್ಪತ್ನಾಲ್ಕು ಗಂಟೆ. ಹೊರಡುವಾಗ, ಪೆಟ್ರೋಲ್ ಹಾಕಿಸಿದಲ್ಲೆಲ್ಲ, ಬಂದು ಮುಟ್ಟಿದಾಗ, ಎಲ್ಲದಕ್ಕೂ ಟೈಮ್ ಅಚ್ಚಾದ ಬಿಲ್ ಇರಬೇಕು. ಕೊನೆಗೆ ಬಂಕಿನಲ್ಲಿ ಒಬ್ಬರು ನಿಂತು, ಗಾಡಿ ಬಂದು ನಿಂತ ಹೊತ್ತನ್ನು ಫಾರಂನಲ್ಲಿ ಬರೆದು ಸಹಿ ಹಾಕಬೇಕು. ನಿಮ್ಮ ಕ್ಲಬ್ಬಿನ ಹಿರಿಯರು, ವಿಜಯನಗರದ ಮಹದೇವ್ ಸಾರ್, ಅದಕ್ಕೆ ಬರುವವರಿದ್ದರು. ಇನ್ನೊಬ್ಬ ರೈಡರಿನ ಚೈನ್ ಕಿತ್ತುಹೋಗಿ ಅವರು ತುಮಕೂರಿಗೆ ಹೋಗಬೇಕಾಯಿತು. ಹೋಗುವ ಮೊದಲು ನಮ್ಮ ಮನೆ ಬಾಗಿಲಿಗೆ ಬಂದು, ತಮ್ಮ ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟು, "ಗಾಡಿ ನಿಂತ ತಕ್ಷಣ ಇದನ್ನ ನೋಡು. ನೋಡಿದ್ದನ್ನ ಬರಿ. ಅಷ್ಟೇ ಕಣಮ್ಮ ಕೆಲ್ಸ" ಅಂದರು.

ಆಗ ಧೈರ್ಯ ಮಾಡಿ ಕೇಳಿದ್ದೆ, "ಸಾರ್, ಹೋಗಿ ಏನೂ ಮಾಡಲ್ಲ, ಯಾರನ್ನೂ ನೋಡಲ್ಲ, ಹಾಗೇ ವಾಪಸ್ ಬರ್ತೀರ. ಯಾಕೆ ಸಾರ್?" ಅವರು ನಗಲಿಲ್ಲ. "ಮೊದಲ ಐದು ಗಂಟೆ ಮಜಾ ಇರುತ್ತಮ್ಮ. ಆಮೇಲೆ ಸೊಂಟ ನೋವು. ಹದಿನಾರನೇ ಗಂಟೆ ದಾಟಿದ ಮೇಲೆ ಮನೆ, ಬ್ಯಾಂಕು, ಯಾರು ಏನಂದ್ರು, ಯಾವುದೂ ತಲೇಲಿ ಇರಲ್ಲ. ಮುಂದಿನ ಬಂಕ್ ಅಷ್ಟೇ. ನಾನು ಅನ್ನೋನು ಎಷ್ಟು ಅಂತ ಅಲ್ಲಿ ಗೊತ್ತಾಗುತ್ತೆ. ಕೆಲವು ಸಲ ಕಡಿಮೆ ಅಂತಾನೂ ಗೊತ್ತಾಗುತ್ತೆ. ಅದೂ ಬೇಕು" ಅಂದರು.

ನೀನು ಬೇರೆ ಥರ ಹೇಳಿದ್ದೆ. ಲೇತಿನಲ್ಲಿ ದಿನಕ್ಕೆ ಮುನ್ನೂರು ಕಬ್ಬಿಣದ ಬುಶ್ ತಿರುವುತ್ತೀನಿ, ಯಾವ ಮೆಷೀನಿಗೆ ಹೋಗುತ್ತೋ ಗೊತ್ತಿಲ್ಲ, ಯಾವುದರ ಮೇಲೂ ನನ್ನ ಹೆಸರಿಲ್ಲ ಅಂದಿದ್ದೆ. ಅದು ನನಗೆ ಅರ್ಥವಾಗಿತ್ತು. ನಾನೂ ಗಂಟೆಗೆ ಎಂಬತ್ತು ಕಾಲರ್ ಹೊಲಿಯುತ್ತೇನೆ. ನಮ್ಮ ಸೂಪರ್‌ವೈಸರ್ ಬೋರ್ಡಿನ ಮೇಲೆ ಟಾರ್ಗೆಟ್ ಬರೆಯುತ್ತಾರೆ. ಅದನ್ನು ಮುಟ್ಟಿದರೆ ಬೈಗುಳ ತಪ್ಪುತ್ತದೆ, ಬೇರೇನೂ ಇಲ್ಲ. ತಾನೇ ಇಟ್ಟುಕೊಂಡ ಟಾರ್ಗೆಟ್ ಮುಟ್ಟಿದರೆ ಹೇಗಿರುತ್ತದೋ ನನಗೆ ಗೊತ್ತಿಲ್ಲ. ನಿನ್ನ ಮುಖದಲ್ಲಿ ನೋಡಬೇಕು ಅಂತ ಇತ್ತು.

ಭಾನುವಾರ ಆರೂವರೆಗೇ ಬಂಕಿಗೆ ಹೋಗಿ ನಿಂತೆ. ಬಿಲ್ ಮೆಷೀನ್ ಕೆಟ್ಟಿತ್ತು. ಬಂಕಿನ ಬಾಳೇಶಣ್ಣ ಅದರ ತಲೆ ಮೇಲೆ ಎರಡು ಏಟು ಕೊಟ್ಟು, "ನಿನ್ನೆ ರಾತ್ರಿಯಿಂದ ಸತ್ತಿದೆ ಆಂಟಿ, ಕೈಬಿಲ್ ಕೊಡ್ತೀನಿ" ಅಂದ. ನನ್ನನ್ನು ಆಂಟಿ ಅಂದದ್ದು ಬೇಜಾರಾಯಿತು. ಮಹದೇವ್ ಸಾರಿಗೆ ಫೋನ್ ಮಾಡಿದೆ. ಬಿಲ್ಲಿನಲ್ಲಿ ಟೈಮ್ ಇಲ್ಲದಿದ್ದರೆ ಸಹಿ ಹಾಕುವವರು ಬರೆದ ಟೈಮೇ ಲೆಕ್ಕ ಅಂದರು.

ಏಳಾಯಿತು. ನೀನು ಬರಲಿಲ್ಲ. ಮೈಸೂರು ರಸ್ತೆಯಲ್ಲಿ ಬಸ್ಸು, ಹೂವಿನ ಆಟೋ, ಹಾಲಿನ ವ್ಯಾನು ಎಲ್ಲ ಬಂದವು. ನೀನು ಬಂದು ನಿಲ್ಲಿಸಿದಾಗ ಮಹದೇವ್ ಸಾರ್ ಗಡಿಯಾರದಲ್ಲಿ ಏಳು ಗಂಟೆ ಹನ್ನೆರಡು ನಿಮಿಷ.

ನೀನು ಇಳಿಯಲಿಲ್ಲ, ಜಾರಿದೆ. ಕಂಬಕ್ಕೆ ಒರಗಿ ನೆಲದ ಮೇಲೆ ಕೂತೆ. ಕಣ್ಣು ಕೆಂಪಾಗಿತ್ತು, ತುಟಿ ಒಡೆದಿತ್ತು. ಚಾರ್ಜರಿನ ವೈರು ಕಿತ್ತು ಚಿತ್ರದುರ್ಗದಿಂದಲೇ ಫೋನ್ ಆಫ್ ಆಗಿದೆ ಅಂದೆ. ಗಾಡಿಯಲ್ಲಿ ಗಡಿಯಾರ ಇಲ್ಲ. ತಿರುಗುವ ಮೆಷೀನಿಗೆ ಸಿಕ್ಕಿಕೊಂಡರೆ ಮುಂಗೈಯೇ ಹೋಗುತ್ತದೆ ಎಂದು ಲೇತ್ ಕೆಲಸದವರು ಕೈಗೆ ಏನೂ ಕಟ್ಟುವುದಿಲ್ಲ. ನಿನಗೂ ಅದೇ ಅಭ್ಯಾಸ. ಹಾಗಾಗಿ ನಿನಗೆ ಹೊತ್ತು ಗೊತ್ತಿರಲಿಲ್ಲ. ನೀನು ನನ್ನ ಮುಖ ನೋಡಿ, "ಎಷ್ಟೇ ಟೈಮು?" ಅಂದೆ.

"ಆರು ಐವತ್ತೆರಡು" ಅಂದೆ.

ಅದನ್ನೇ ಫಾರಂನಲ್ಲಿ ಬರೆದು ಸಹಿ ಹಾಕಿದೆ. ನೀನು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಬಾಳೇಶಣ್ಣ ನಿನ್ನ ಬೆನ್ನು ತಟ್ಟಿ, "ಏನ್ ಗುರು, ಗೆದ್ದು ಅಳ್ತೀಯಲ್ಲ" ಅಂದ. ಅವನಿಗೂ ಟೈಮ್ ಗೊತ್ತಿತ್ತೋ ಏನೋ, ನನ್ನ ಕಡೆ ಒಂದು ಸಲ ನೋಡಿ ಪೈಪ್ ಹಿಡಿದು ಬೇರೆ ಗಾಡಿ ಹತ್ತಿರ ಹೋದ.

ಮನೆಗೆ ಬಂದಾಗ ಅಮ್ಮ, "ಅಷ್ಟು ದೂರ ಹೋಗಿದ್ಯಲ್ಲ, ಏನ್ ತಂದೆ?" ಅಂತ ಕೇಳಿದರು. "ಏನೂ ಇಲ್ಲಮ್ಮ" ಅಂದೆ ನೀನು. "ಸಾವಿರದ ಆರ್ನೂರು ಕಿಲೋಮೀಟ್ರು ಹೋಗಿ, ಧಾರವಾಡದ ಮೇಲೆ ಎರಡು ಸಲ ಹಾದು, ಕಾಲು ಕೇಜಿ ಪೇಡ ತರಕ್ಕಾಗ್ಲಿಲ್ವ ನಿಂಗೆ?" ನಾವು ಮೂವರೂ ಎಷ್ಟು ನಕ್ಕೆವು. ನಮ್ಮ ಮನೆಯಲ್ಲಿ ಅಷ್ಟು ನಗು ಬಂದು ವರ್ಷಗಳಾಗಿದ್ದವು. ಆಗ ಹೇಗೆ ಹೇಳಲಿ?

ಸರ್ಟಿಫಿಕೇಟ್ ಬಂತು. ನಿನ್ನ ಹೆಸರು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಅಮ್ಮ ಕುಂಕುಮ ಹಚ್ಚಿದರು. ದುಂಡೇಶಣ್ಣ ವರ್ಕ್‌ಶಾಪಿನವರಿಗೆಲ್ಲ ಟೀ ಕೊಡಿಸಿದರು. ನಾಳೆ ಹೇಳುತ್ತೇನೆ ಎಂದುಕೊಂಡೆ. ಎಷ್ಟು ನಾಳೆಗಳು ಹೋದವೋ ಲೆಕ್ಕವಿಲ್ಲ.

ಆಮೇಲೆ ಒಂದು ದಿನ ನೀನು ಹಾಳೆ ಹಿಡಿದು ಕೂತು ನನಗೆ ತೋರಿಸಿದೆ. "ನೋಡು, ಹಾವೇರಿ ಹತ್ರ ನಲವತ್ತು ನಿಮಿಷ ಮಲಗಿದೆ. ಆದ್ರೂ ಎಂಟು ನಿಮಿಷ ಉಳೀತು. ನಿದ್ದೆ ಬಿಟ್ರೆ ನಲವತ್ತೆಂಟು. ನನ್ನ ಮೈಗೆ ನಿದ್ದೆ ಬೇಡ ಕಣೇ, ಅವತ್ತು ಸುಮ್ನೆ ಮಲಗ್ಬಿಟ್ಟೆ." ಆ ಎಂಟು ನಿಮಿಷ ಇರಲೇ ಇಲ್ಲ. ಅದನ್ನು ಕೊಟ್ಟವಳು ನಾನು. ನೀನು ಅದರ ಮೇಲೆ ಮುಂದಿನ ಸವಾರಿಯನ್ನೇ ಕಟ್ಟಿದೆ. ಸೂರತ್ ತನಕ ಹೋಗಿ ಬರುವುದು, ಎರಡು ಸಾವಿರದ ಐನೂರು ಕಿಲೋಮೀಟರ್, ಮೂವತ್ತಾರು ಗಂಟೆ, ನಿದ್ದೆ ಇಲ್ಲ. ನಾನು ಪಕ್ಕದಲ್ಲಿ ಕೂತು ಹೂಂ ಹೂಂ ಅಂದೆ.

ಹೋದ ಡಿಸೆಂಬರಿನಲ್ಲಿ, ಇಪ್ಪತ್ತೇಳನೇ ಗಂಟೆಯಲ್ಲಿ, ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ನಿಪ್ಪಾಣಿ ಹತ್ತಿರ ನೀನು ಗಾಡಿ ಮೇಲೆಯೇ ನಿದ್ದೆ ಹೋದೆ. ಡಿವೈಡರಿಗೆ ಹೊಡೆದೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಾಗ ನೀನು ಕೇಳಿದ್ದು ಕಾಲಿನ ಬಗ್ಗೆ ಅಲ್ಲ. "ಹೇಗೆ ಮಲಗ್ಬಿಟ್ಟೆ?" ಅಂತ ಕೇಳಿದೆ. ಹನ್ನೊಂದು ತಿಂಗಳಿಂದ ಅದೊಂದೇ ಕೇಳುತ್ತಿದ್ದೀಯ. ನನಗೆ ಏನೋ ಆಗಿದೆ, ಮೊದಲಿನ ನಾನಲ್ಲ ಅನ್ನುತ್ತೀಯ.

ನಿನಗೆ ಏನೂ ಆಗಿರಲಿಲ್ಲ ಅಣ್ಣ. ಮೊದಲ ಸಲವೂ ನಿನ್ನ ಮೈ ನಿದ್ದೆ ಕೇಳಿತ್ತು, ನೀನು ಕೊಟ್ಟಿದ್ದೆ, ಅದಕ್ಕೇ ಹನ್ನೆರಡು ನಿಮಿಷ ತಡವಾಗಿ, ಎರಡು ಕಾಲಿನ ಮೇಲೆ ಮನೆಗೆ ಬಂದೆ. ಅಷ್ಟು ದೂರ ಓಡಿಸಿದ್ದು ನಿಜ. ನಾನು ಸುಳ್ಳು ಬರೆಯದೆ ಇದ್ದಿದ್ದರೆ ಆ ಹನ್ನೆರಡು ನಿಮಿಷ ತಡವಾದ ಸವಾರಿಯಾದರೂ ಪೂರ್ತಿ ನಿನ್ನದಾಗಿರುತ್ತಿತ್ತು. ಅದನ್ನೂ ನಾನು ತೆಗೆದುಕೊಂಡೆ.

ಜನವರಿಗೆ ಹೋಗಬೇಡ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅದನ್ನು ಹೇಳುವ ಹಕ್ಕು ನನಗೆ ಉಳಿದಿಲ್ಲ. ಆದರೆ ಇಲ್ಲದ ಎಂಟು ನಿಮಿಷ ನಂಬಿಕೊಂಡು ಮತ್ತೆ ಹೊರಡಬೇಡ. ಮಹದೇವ್ ಸಾರಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಗೊತ್ತಾಗಬೇಕು. ನೀನು ಹೇಳು ಅಂದರೆ ನಾನೇ ಅವರ ಮನೆಗೆ ಹೋಗಿ, ತಲೆ ತಗ್ಗಿಸಿಯಾದರೂ ಹೇಳುತ್ತೇನೆ. ಸರ್ಟಿಫಿಕೇಟ್ ಏನು ಮಾಡಬೇಕೋ ನೀನು ಹೇಳಿದ ಹಾಗೆ.

ಫೋನ್ ಮಾಡಿ ಬೈದರೆ ಬೈಸಿಕೊಳ್ಳುತ್ತೇನೆ. ಮಾತಾಡದೆ ಇದ್ದರೆ ಅದಕ್ಕೂ ಕಾಯುತ್ತೇನೆ. ಅಮ್ಮನಿಗೆ ಇದೊಂದೂ ಗೊತ್ತಿಲ್ಲ. ಪತ್ರ ಬರೆಯುತ್ತಿದ್ದೀನಿ ಅಂದಾಗ, "ನನ್ನ ಮಗ ನೂರು ಕಾಲ ಚೆನ್ನಾಗಿರ್ಲಿ, ಕಾಲಿಗೆ ದಿನಾ ಎಣ್ಣೆ ಹಚ್ಕೊಳಕ್ಕೆ ಬರಿ" ಅಂದರು. ಬರೆದಿದ್ದೇನೆ. ಹಚ್ಚಿಕೋ.

ನಿನ್ನ ತಂಗಿ,
ರಕ್ಷಾ

ಮರೆತ ಮಾತು: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿಜವಾಗಿ ಮರೆತದ್ದಲ್ಲ, ನಿನ್ನೆ ಬರೆಯಲು ಕೈ ಬರಲಿಲ್ಲ. ಮೇಲಿನದನ್ನು ಓದಿದರೆ ನಿನ್ನ ಮೇಲಿನ ಪ್ರೀತಿಗೆ ಸುಳ್ಳು ಬರೆದೆ ಎಂದು ನೀನು ಅಂದುಕೊಳ್ಳುತ್ತೀಯ, ಕ್ಷಮಿಸಿಯೂ ಬಿಡುತ್ತೀಯ. ಅದು ಹಾಗಿರಲಿಲ್ಲ. ಸೋತರೆ ಮತ್ತೆ ಹೋಗುತ್ತೀಯ, ಗೆದ್ದರೆ ಸಾಕು ಎಂದು ಮನೆಯಲ್ಲಿ ಇರುತ್ತೀಯ ಎಂದು ಲೆಕ್ಕ ಹಾಕಿದೆ. ಆ ಇಪ್ಪತ್ನಾಲ್ಕು ಗಂಟೆ ನೀನು ಎಲ್ಲಿದ್ದೀಯೋ ಗೊತ್ತಿಲ್ಲದೆ ಕೂತದ್ದು ನನಗೆ ಇನ್ನೊಂದು ಸಲ ಬೇಡವಾಗಿತ್ತು. ನಿನ್ನನ್ನು ಗೆಲ್ಲಿಸಲು ಅಲ್ಲ, ನಿಲ್ಲಿಸಲು ಬರೆದೆ. ಬೆಳಗಾವಿಯಲ್ಲಿ ಡಾಕ್ಟರು, ಇವರು ಇನ್ನು ನಿಂತು ಕೆಲಸ ಮಾಡುವುದು ಕಷ್ಟ ಎಂದಾಗ ಅಮ್ಮ ಗೋಡೆ ಹಿಡಿದುಕೊಂಡು ಅತ್ತರು. ನನಗೆ ಒಂದು ಗಳಿಗೆ, ಒಂದೇ ಗಳಿಗೆ, ಇನ್ನು ಎಲ್ಲೂ ಹೋಗುವುದಿಲ್ಲವಲ್ಲ ಎಂದು ಸಮಾಧಾನವಾಯಿತು. ಅದನ್ನು ಯಾರಿಗೂ ಹೇಳಿಲ್ಲ.

ಇವತ್ತು ಕೆಲಸಕ್ಕೆ ಹೋಗುವ ಮುಂಚೆ ನಿನ್ನ ಗಾಡಿಯ ಮೇಲಿನ ಟಾರ್ಪಾಲು ತೆಗೆದೆ. ಕ್ಲಬ್ಬಿನವರು ರಿಪೇರಿ ಮಾಡಿಸಿ ತಂದು ಬಿಟ್ಟ ಮೇಲೆ ಒಂದೇ ಕಡೆ ನಿಂತು ಎರಡು ಟೈರೂ ಕೂತಿದ್ದವು. ನನಗೆ ಓಡಿಸಲು ಬರುವುದಿಲ್ಲವಲ್ಲ, ಮಾಗಡಿ ರಸ್ತೆಯ ಪಂಕ್ಚರ್ ಅಂಗಡಿ ತನಕ ತಳ್ಳಿಕೊಂಡು ಹೋಗಿ, ಗಾಳಿ ಹೊಡೆಸಿಕೊಂಡು ಬಂದು ನಿಲ್ಲಿಸಿದ್ದೇನೆ.